ಅಡ್ಡ ಪ್ರತಿಕ್ರಿಯೆ: ಚಾಗಸ್ ಮತ್ತು ಲೀಶ್ಮೇನಿಯಾ ರಕ್ತಪರೀಕ್ಷೆಗಳಲ್ಲಿ

ಒಂದು ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವು ಅದರ ಹತ್ತಿರದ ಸಂಬಂಧಿಯ ಪ್ರತಿಜನಕಕ್ಕೂ ಅಂಟಿಕೊಳ್ಳುವುದೇ ಅಡ್ಡ ಪ್ರತಿಕ್ರಿಯೆ. ಇದರಿಂದ ಇಲ್ಲದ ರೋಗವೂ ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬರಬಹುದು. ದಕ್ಷಿಣ ಅಮೆರಿಕದ ಚಾಗಸ್ ರೋಗ ಮತ್ತು ಲೀಶ್ಮೇನಿಯಾಸಿಸ್‌ ನಡುವಿನ ಗೊಂದಲ ಇದಕ್ಕೆ ಒಳ್ಳೆಯ ನಿದರ್ಶನ.

ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಚಾಗಸ್ 1909ರಲ್ಲಿ ವರ್ಣಿಸಿದ ರೋಗಕ್ಕೆ ಕಾರಣ ಟ್ರಿಪನೊಸೋಮಾ ಕ್ರೂಜಿ. ಇದು ತಿಗಣೆಯ ದೂರದ ಬಂಧುವಾದ, ರಕ್ತ ಹೀರುವ ಕೀಟದ ಹಿಕ್ಕೆಯಿಂದ ಹರಡುತ್ತದೆ. ಲೀಶ್ಮೇನಿಯಾ ಮರಳುನೊಣದ ಕಡಿತದಿಂದ. ಎರಡೂ ಟ್ರಿಪನೊಸೊಮಾಟಿಡೇ ಕುಟುಂಬದ ಏಕಕೋಶಜೀವಿಗಳು. ಇವುಗಳ ಟ್ಯುಬುಲಿನ್‌ನಂಥ ಹಲವು ಪ್ರೋಟೀನುಗಳು ಬಹಳ ಮಟ್ಟಿಗೆ ಒಂದೇ ತೆರನಾಗಿವೆ. ಬ್ರೆಜಿಲ್, ಬೊಲಿವಿಯಾ, ಉತ್ತರ ಅರ್ಜೆಂಟೀನಾಗಳ ಹಲವು ಕಡೆ ಎರಡೂ ರೋಗಗಳಿವೆ.

ಚಾಗಸ್ ರೋಗ ಹಳೆಯದಾದಂತೆ ರಕ್ತದಲ್ಲಿ ಪರಾವಲಂಬಿ ಸಿಗುವುದು ಅಪರೂಪ. ಹಾಗಾಗಿ ಪ್ರತಿಕಾಯ ಪರೀಕ್ಷೆಯನ್ನೇ ನೆಚ್ಚಬೇಕಾಗುತ್ತದೆ. ಪ್ರತಿದೀಪ್ತಿ ಪರೀಕ್ಷೆಯಲ್ಲಿ ಗಾಜಿನ ಪಟ್ಟಿಯ ಮೇಲೆ ಒಣಗಿಸಿದ ಇಡೀ ಕ್ರೂಜಿ ಜೀವಿಗಳ ಮೇಲೆ ರೋಗಿಯ ಸೀರಮ್ ಹನಿಸಿ, ಬಳಿಕ ಬಣ್ಣ ಕಟ್ಟಿದ ಇನ್ನೊಂದು ಪ್ರತಿಕಾಯ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಜೀವಿಗಳು ಹಸಿರಾಗಿ ಹೊಳೆದರೆ ಪಾಸಿಟಿವ್. ಸೀರಮ್ ಲೀಶ್ಮೇನಿಯಾ ರೋಗಿಯದಾದರೂ ಅವು ಹೊಳೆಯಬಹುದು. ಪರಾವಲಂಬಿಯನ್ನು ಅರೆದು ತೆಗೆದ ಸಾರ ಬಳಸುವ ಎಲಿಸಾದ್ದೂ ಇದೇ ಪಾಡು. ಮನುಷ್ಯನಿಗೆ ಕಾಯಿಲೆ ತಾರದ ಟ್ರಿಪನೊಸೋಮಾ ರಾಂಗೆಲಿ ಕೂಡ ಗೊಂದಲ ಹುಟ್ಟಿಸಬಲ್ಲದು.

ಇಡೀ ಜೀವಿಯ ಬದಲು ಅದಕ್ಕಷ್ಟೇ ವಿಶಿಷ್ಟವಾದ ಪ್ರೋಟೀನ್ ತುಣುಕುಗಳನ್ನು ಬಳಸುವುದು ಇದಕ್ಕೆ ಪರಿಹಾರ. 1993ರಲ್ಲಿ ವರದಿಯಾದ ಆರ್‌ಕೆ39 ಅಂಥದ್ದು: ಒಳಾಂಗ ಲೀಶ್ಮೇನಿಯಾಸಿಸ್ ರೋಗಿಗಳ ಸೀರಮ್‌ಗೆ ಬಲವಾಗಿ ಸ್ಪಂದಿಸುವ ಇದು ಚಾಗಸ್ ರೋಗಿಗಳ ಸೀರಮ್‌ಗೆ ಬಹುಮಟ್ಟಿಗೆ ಸ್ಪಂದಿಸದು. ಚರ್ಮದ ಲೀಶ್ಮೇನಿಯಾಸಿಸ್‌ನಲ್ಲಿ ಮಾತ್ರ ಇದರ ಉಪಯೋಗ ಕಡಿಮೆ. ಹಳೆಯ ಚಾಗಸ್ ರೋಗದ ಪತ್ತೆಗೆ ವಿಶ್ವ ಆರೋಗ್ಯ ಸಂಸ್ಥೆ ಎರಡು ಬೇರೆ ತತ್ತ್ವದ ಪರೀಕ್ಷೆಗಳನ್ನು ಸೂಚಿಸುತ್ತದೆ. ಎರಡಕ್ಕೂ ಒರಟು ಸಾರವನ್ನೇ ಬಳಸಿದರೆ ಎರಡೂ ಒಂದೇ ತಪ್ಪು ಮಾಡಬಹುದು. ಆಗ ಸಂಖ್ಯೆ ಎರಡಾದರೂ ಸಾಕ್ಷಿ ಒಂದೇ.

ಪ್ರತಿ ಜೋಡಿ ಪಾಸಿಟಿವ್ ಫಲಿತಾಂಶವನ್ನೂ ಅಡ್ಡ ಪ್ರತಿಕ್ರಿಯೆಯೆಂದು ತಳ್ಳಿಹಾಕುವುದೂ ಅಪಾಯ. ಒಬ್ಬರಲ್ಲೇ ಎರಡೂ ಸೋಂಕು ಇರಬಹುದು. ಲೀಶ್ಮೇನಿಯಾಕ್ಕೆ ಕೊಡುವ ಆಂಟಿಮನಿ ಔಷಧಿಗಳು ಹೃದಯಕ್ಕೆ ತೊಂದರೆ ಕೊಡಬಲ್ಲವು. ಚಾಗಸ್ ಹಾಳುಮಾಡುವುದೂ ಹೃದಯವನ್ನೇ.

ಬಿಹಾರದ ಕಾಲಾ ಅಜಾರ್ (ಒಳಾಂಗ ಲೀಶ್ಮೇನಿಯಾಸಿಸ್) ಪರೀಕ್ಷೆಯಲ್ಲಿ ಈ ತೊಡಕಿಲ್ಲ, ಏಕೆಂದರೆ ಚಾಗಸ್ ಅಲ್ಲಿನ ರೋಗವಲ್ಲ. ಅಲ್ಲಿನ ತೊಡಕು ಬೇರೆ: ರೋಗ ಗುಣವಾದ ಮೇಲೂ ಪ್ರತಿಕಾಯಗಳು ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ.