ಡಿಸ್ಕಿಲ್ಲದ ಕಂಪ್ಯೂಟರ್ ಏಳದಿದ್ದಾಗ

ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರ ಸುಮಾರಿಗೆ, ಸಾವಿರ ಶಾಲೆಗಳ ‘ಮಾಹಿತಿ ಸಿಂಧು’ ಯೋಜನೆಯಿಂದ. ಯಂತ್ರ ಕೊಡಿಸುವುದಕ್ಕಿಂತ ಹತ್ತು ವರ್ಷ ಓಡಿಸುವುದು ಕಷ್ಟ. ಧೂಳು, ಸೆಕೆ, ಹೋಗಿಬರುವ ಕರೆಂಟಿಗೆ ಬಹಳ ಸಲ ಮೊದಲು ಕೈಕೊಡುವುದು ಹಾರ್ಡ್ ಡಿಸ್ಕ್.

ಡಿಸ್ಕನ್ನೇ ತೆಗೆದುಬಿಟ್ಟರೆ? ಆ ಯೋಚನೆ ಹಳೆಯದು. ಭಾರತದ ವಿನೋದ್ ಖೋಸ್ಲಾ ಸ್ಥಾಪಕರಲ್ಲೊಬ್ಬರಾಗಿದ್ದ ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಎನ್‌ಎಫ್‌ಎಸ್ ಎಂಬ ವ್ಯವಸ್ಥೆ ತಂದಿತು. ಫೈಲುಗಳೆಲ್ಲ ಒಂದೇ ಸರ್ವರ್‌ನಲ್ಲಿ, ಬಳಸುವ ಯಂತ್ರಗಳು ತಂತಿಯ ಆಚೆ. 1999ರಲ್ಲಿ ಜಿಮ್ ಮೆಕ್ವಿಲನ್ ಆರಂಭಿಸಿದ ಎಲ್‌ಟಿಎಸ್‌ಪಿ ಇದನ್ನೇ ಲಿನಕ್ಸ್‌ನಲ್ಲಿ ಸುಲಭ ಮಾಡಿ, ಹಳೆಯ ಯಂತ್ರಗಳಿಂದಲೇ ಶಾಲೆಯ ಲ್ಯಾಬ್ ನಡೆಸುವ ದಾರಿ ತೋರಿಸಿತು.

ಇಂಥ ಯಂತ್ರ ಏಳುವುದು ಕಬಿನಿ ನಾಲೆಯ ಕೊನೆಯ ಗದ್ದೆಗೆ ನೀರು ಬಂದಂತೆ. ಮೊದಲು ಡಿಎಚ್‌ಸಿಪಿಯಿಂದ ವಿಳಾಸ, ಆಮೇಲೆ ಟಿಎಫ್‌ಟಿಪಿಯಿಂದ ಲಿನಕ್ಸಿನ ತಿರುಳಾದ ಕರ್ನಲ್, ಕೊನೆಗೆ ಎನ್‌ಎಫ್‌ಎಸ್‌ನಿಂದ ಉಳಿದ ಫೈಲುಗಳು. ಗದ್ದೆ ಒಣಗಿದರೆ ನಂಜನಗೂಡು, ತಿ. ನರಸೀಪುರದ ರೈತ ಗದ್ದೆ ಅಗೆಯುತ್ತ ಕೂರುವುದಿಲ್ಲ, ತೂಬಿನತ್ತ ನಡೆಯುತ್ತಾನೆ. ಇಲ್ಲೂ ಹಾಗೆಯೇ. ವಿಳಾಸವೇ ಸಿಗದಿದ್ದರೆ ಕೇಬಲ್, ಸ್ವಿಚ್ ನೋಡಬೇಕು. ಕರ್ನಲ್ ಬಂದೂ ನಿಂತುಹೋದರೆ ಎರಡು ಅನುಮಾನ: ಸರ್ವರ್‌ನ ಪಟ್ಟಿಯಲ್ಲಿ ಆ ಯಂತ್ರಕ್ಕೆ ಅನುಮತಿ ಇಲ್ಲ, ಇಲ್ಲವೇ ಕರ್ನಲ್‌ನಲ್ಲಿ ಆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಇಲ್ಲ. ಅಲ್ಲಿಯವರೆಗೆ ಕೆಲಸ ಮಾಡಿದ ಕಾರ್ಡು ಆಮೇಲೇಕೆ ಮಾಡದು ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿಯವರೆಗೆ ನಡೆಸಿದ್ದು ಯಂತ್ರದ ಚಿಪ್ಪಿನಲ್ಲಿರುವ ಪುಟ್ಟ ಪ್ರೋಗ್ರಾಮ್. ಕರ್ನಲ್ ಬಂದಮೇಲೆ ಅದರ ಪಾಳಿ ಮುಗಿಯಿತು.

ಹೆಚ್ಚು ಕಾಡುವುದು ಕರೆಂಟು ಬಂದ ಗಳಿಗೆ. ಎಲ್ಲವೂ ಒಟ್ಟಿಗೆ ಎದ್ದು ಕೂಗುತ್ತವೆ, ಸರ್ವರ್ ಮಾತ್ರ ಇನ್ನೂ ತನ್ನ ಡಿಸ್ಕ್ ಪರೀಕ್ಷಿಸುತ್ತಿರುತ್ತದೆ. ಹಳೆಯ ಲಿನಕ್ಸ್ ಆಗ, ಎನ್‌ಎಫ್‌ಎಸ್ ಸಿಗಲಿಲ್ಲ, ಫ್ಲಾಪಿ ನೋಡುತ್ತೇನೆ ಎನ್ನುತ್ತಿತ್ತು. ಫ್ಲಾಪಿ ಡ್ರೈವೇ ಇಲ್ಲದ ಯಂತ್ರವೂ ಹಾಗೆನ್ನುತ್ತಿತ್ತು, ಪಾಪ! ನಂತರದ ಕರ್ನಲ್‌ಗಳು ತಾಳ್ಮೆ ಕಲಿತವು: ಮೊದಲು 5 ಸೆಕೆಂಡ್ ಬಿಟ್ಟು, ಅಂತರವನ್ನು 30 ಸೆಕೆಂಡ್‌ವರೆಗೆ ಹೆಚ್ಚಿಸುತ್ತ ಮತ್ತೆ ಮತ್ತೆ ಕೇಳುತ್ತವೆ. ಆಗಲೂ ಸಿಗದಿದ್ದರೆ ಕರ್ನಲ್ ಪ್ಯಾನಿಕ್, ಯಂತ್ರ ಅಲ್ಲೇ ಸ್ತಬ್ಧ. ಬೂಟ್ ಸಾಲಿನಲ್ಲಿ ‘ಪ್ಯಾನಿಕ್=30’ ಎಂದು ಸೂಚಿಸಿಟ್ಟಿದ್ದರೆ ಅದು ಅರ್ಧ ನಿಮಿಷ ಕಾದು ತಾನಾಗಿಯೇ ಮತ್ತೆ ಮೊದಲಿನಿಂದ ಶುರುಮಾಡುತ್ತದೆ.

ಮೈಸೂರಿನಿಂದ ತಂತ್ರಜ್ಞ ಬರಲು ವಾರಗಟ್ಟಲೆ ಕಾಯುವ ಶಾಲೆಗೆ ಈ ಒಂದು ಪದ ದೊಡ್ಡ ಉಪಕಾರ. ಸರ್ವರ್‌ಗೊಂದು ಯುಪಿಎಸ್ ಕೂಡ ಇದ್ದರೆ, ಮೇಷ್ಟ್ರು ಬೀಗ ತೆಗೆಯುವ ಹೊತ್ತಿಗೆ ಇಡೀ ಸಾಲು ಎದ್ದಿರುತ್ತದೆ.