ಉದಾವರ್ತವೆಂಬ ವ್ಯಾಧಿಯ ಪೂರ್ವೋತ್ತರ

ಹಾಸನ ಸೀಮೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲಿರುವ ರಾಮನಾಥಪುರವು ಯಾತ್ರಿಕರಿಗೆ ಚಿರಪರಿಚಿತವಾದ ಕ್ಷೇತ್ರ. ರಾಮೇಶ್ವರನ ಗುಡಿ, ಪ್ರಸನ್ನ ಸುಬ್ರಹ್ಮಣ್ಯನ ಗುಡಿ, ವಹ್ನಿಪುಷ್ಕರಿಣಿಯಲ್ಲಿ ಯಾರೂ ಹಿಡಿಯದೆ ಕಾಪಾಡಿಕೊಂಡು ಬಂದಿರುವ ಮೀನುಗಳು, ಮಾರ್ಗಶಿರ ಷಷ್ಠಿಯ ರಥೋತ್ಸವ, ಇವುಗಳ ಮಹಿಮೆಯನ್ನು ಬಲ್ಲವರು ಬಹುಮಂದಿ. ಆದರೆ ಅದೇ ಹೊಳೆಯ ದಡಕ್ಕೆ ಬೆಳಕು ಹರಿಯುವ ಮುನ್ನ ಚೊಂಬು ಹಿಡಿದು, ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಹೋಗುತ್ತಿದ್ದ ಸ್ತ್ರೀಯರ ಕಷ್ಟವನ್ನು ಯಾರೂ ಬರೆದಿಡುವ ಗೋಜಿಗೆ ಹೋಗಲಿಲ್ಲ. ಹೊತ್ತು ಮೂಡಿದ ಮೇಲೆ ಬಹಿರ್ದೆಶೆಯ ಬಾಧೆ ಬಂದರೆ ಮತ್ತೆ ಕತ್ತಲಾಗುವವರೆಗೆ ತಡೆದುಕೊಳ್ಳುವುದೇ ಹೊಳೆಯ ದಡದ ಊರುಗಳಲ್ಲಿ ಹೆಂಗಸಿನ ಪಾಡಾಗಿದ್ದಿತು. ಹೀಗೆ ತಡೆದುಕೊಳ್ಳುವುದಕ್ಕೂ, ತಿಂಗಳು ತಿಂಗಳೂ ಸ್ತ್ರೀಯರನ್ನು ಕಾಡುವ ಒಂದು ವ್ಯಾಧಿಗೂ ಪ್ರಾಚೀನ ವೈದ್ಯಶಾಸ್ತ್ರವು ಸಂಬಂಧವನ್ನು ಹೇಳಿದ್ದಿತು. ಆ ವ್ಯಾಧಿಯ ಹೆಸರು ಉದಾವರ್ತ.

ವ್ಯಾಧಿಯ ಸ್ವರೂಪವನ್ನು ಮೊದಲು ಹೇಳಬೇಕು. ಮುಟ್ಟಿಗೆ ನಾಲ್ಕಾರು ದಿನ ಮುಂಚೆಯೇ ಹೊಟ್ಟೆಯುಬ್ಬರಿಸಿ ಮಲಬದ್ಧವಾಗುವುದು. ಮುಟ್ಟಾದ ದಿನ ಕಿಬ್ಬೊಟ್ಟೆಯೂ ಸೊಂಟವೂ ಹಿಂಡಿದಂತೆ ನೋಯುವುದು. ಆ ನೋವಿನ ಜೊತೆಯಲ್ಲಿಯೇ ಎರಡು ಮೂರು ಸಲ ಭೇದಿಯಾಗುವುದು, ಗುದದ ಕಡೆಗೆ ಒತ್ತಿದಂತಾಗುವುದು. ಸ್ರಾವವು ಸರಾಗವಾದ ಮೇಲೆ ಎಲ್ಲವೂ ಇಳಿಯುವುದು. ನೋವು ಗರ್ಭಾಶಯದ್ದೋ ಕರುಳಿನದೋ ಎಂದು ನೋಯುವವಳಿಗೇ ತಿಳಿಯದು. ಮನೆಯ ಹಿರಿಯರು ಸಾಮಾನ್ಯವಾಗಿ ಇದನ್ನು ಅಜೀರ್ಣವೆಂದೋ, ವಾಯುವೆಂದೋ, ಹೆಣ್ಣಾಗಿ ಹುಟ್ಟಿದವರಿಗೆ ತಪ್ಪದ್ದೆಂದೋ ಹೇಳಿ ಸುಮ್ಮನಾಗುತ್ತಿದ್ದರು.

ಶಾಸ್ತ್ರಕಾರರು ಮಾತ್ರ ಸುಮ್ಮನಾಗಲಿಲ್ಲ. ಶರೀರದಲ್ಲಿ ಸಂಚರಿಸುವ ಐದು ವಾಯುಗಳಲ್ಲಿ ಅಪಾನವು ಗುದವನ್ನಾಶ್ರಯಿಸಿ, ಸೊಂಟ, ಬಸ್ತಿ, ತೊಡೆಗಳಲ್ಲಿ ಚಲಿಸುತ್ತ, ಮಲ, ಮೂತ್ರ, ಶುಕ್ರ, ಆರ್ತವ, ಗರ್ಭ ಇವುಗಳನ್ನು ಹೊರಕ್ಕೆ ಕಳುಹಿಸುತ್ತದೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಮಲಕ್ಕೂ ರಜಸ್ಸಿಗೂ ಪ್ರೇರಕವು ಒಂದೇ ಆದ ಮೇಲೆ, ಒಂದು ಕೆಟ್ಟರೆ ಇನ್ನೊಂದು ಕೆಡುವುದು ಆಶ್ಚರ್ಯವಲ್ಲ. ಈ ಅಪಾನವು ಕೆಳಮುಖವಾದ ತನ್ನ ಸಹಜಗತಿಯನ್ನು ಬಿಟ್ಟು ಮೇಲಕ್ಕೆ ತಿರುಗುವುದೇ ಉದಾವರ್ತ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಈ ಹೆಸರು ಎರಡು ಕಡೆ ಬರುತ್ತದೆ: 38ನೆಯ ಅಧ್ಯಾಯದಲ್ಲಿ, ಕಷ್ಟದಿಂದ ರಜಸ್ಸನ್ನು ಬಿಡುವ ಸ್ತ್ರೀರೋಗಕ್ಕೆ, 55ನೆಯ ಅಧ್ಯಾಯದಲ್ಲಿ, ವಾತಮೂತ್ರಪುರೀಷಾದಿಗಳ ತಡೆಯಿಂದ ಹುಟ್ಟುವ ರೋಗಕ್ಕೆ. ಒಂದೇ ಹೆಸರನ್ನು ಎರಡಕ್ಕೂ ಇಟ್ಟದ್ದರಲ್ಲಿಯೇ ಆ ವೈದ್ಯರ ಅಭಿಪ್ರಾಯವು ವ್ಯಕ್ತವಾಗಿದೆ.

ಚರಕಸಂಹಿತೆಯು ಇನ್ನೂ ಮುಂದೆ ಹೋಗಿ ಕಾರಣವನ್ನು ಹೇಳುತ್ತದೆ. ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ತಡೆಯಬಾರದ ವೇಗಗಳು 13 ಎಂದು ಎಣಿಸಿದೆ. ಮಲಮೂತ್ರಗಳೂ ಅಪಾನವಾಯುವೂ, ಹಸಿವು, ನೀರಡಿಕೆ, ಕಣ್ಣೀರು, ನಿದ್ರೆಗಳೂ ಅವುಗಳಲ್ಲಿ ಸೇರಿವೆ. ಮಲದ ವೇಗವನ್ನು ತಡೆದರೆ ಪಕ್ವಾಶಯದಲ್ಲಿ ಶೂಲೆ, ತಲೆನೋವು, ಮೀನಖಂಡಗಳ ಸೆಳೆತ, ಹೊಟ್ಟೆಯುಬ್ಬರ ಉಂಟಾಗುವುವೆಂದು ಅಲ್ಲಿಯೇ ಹೇಳಿದೆ. ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯದಲ್ಲಿ 20 ಯೋನಿವ್ಯಾಪತ್ತುಗಳನ್ನು ವರ್ಣಿಸುವಾಗ, ಉದಾವರ್ತಿನಿಯು ವೇಗಗಳನ್ನು ತಡೆಯುವುದರಿಂದ ಬರುವುದೆಂದೂ, ಆರ್ತವವು ಹೊರಬಂದ ಕೂಡಲೇ ಸ್ತ್ರೀಯು ಸುಖವನ್ನು ಪಡೆಯುವಳೆಂದೂ ಲಕ್ಷಣವನ್ನು ಹೇಳಿದೆ. ಸ್ರಾವವಾದೊಡನೆ ನೋವಿಳಿಯುವುದೆಂಬ ಈ ಕಡೆಯ ಮಾತು ರೋಗಿಯನ್ನು ಕೇಳದೆ ಬರೆಯಬಹುದಾದುದಲ್ಲ. ಯಾವಳೋ ಒಬ್ಬಳು ಬಾಯಿಬಿಟ್ಟು ಹೇಳಿದ್ದಳು. ವೈದ್ಯನು ಕಿವಿಗೊಟ್ಟು ಕೇಳಿದ್ದನು.

ಅದೇ ಪುರಾತನಕಾಲದಲ್ಲಿ ಗ್ರೀಸ್ ದೇಶದಲ್ಲಿ ಬೇರೊಂದು ಕಲ್ಪನೆಯಿದ್ದಿತು. ಗರ್ಭಾಶಯವು ಒಂದು ಪ್ರಾಣಿಯಂತೆ ಶರೀರದೊಳಗೆ ಅಲೆದಾಡಿ ಬಾಧೆ ಕೊಡುತ್ತದೆಂಬ ಮಾತು ಪ್ಲೇಟೋವಿನ ‘ತಿಮೇಯಸ್’ ಗ್ರಂಥದಲ್ಲಿದೆ. ಗರ್ಭಾಶಯದ ಗ್ರೀಕ್ ಹೆಸರಿನಿಂದಲೇ ಹಿಸ್ಟೀರಿಯಾ ಎಂಬ ಶಬ್ದವು ಹುಟ್ಟಿ, ಮುಂದೆ ಯೂರೋಪಿನಲ್ಲಿ ಸ್ತ್ರೀಯರ ಎಷ್ಟೋ ದೇಹಬಾಧೆಗಳನ್ನು ಮನಸ್ಸಿನ ವಿಕಾರವೆಂದು ತಳ್ಳಿಹಾಕುವುದಕ್ಕೆ ಸಾಧನವಾಯಿತು. ಆದರೆ ಇದನ್ನು ಕಂಡು ಭಾರತೀಯರು ಹಿಗ್ಗಬೇಕಾದುದಿಲ್ಲ. ಅಲ್ಲಿ ಶಾಸ್ತ್ರವೇ ತಪ್ಪಿದ್ದಿತು. ಇಲ್ಲಿ ಶಾಸ್ತ್ರವು ಹೇಳಿದ್ದನ್ನು ಮನೆಯು ಕೇಳಲಿಲ್ಲ.

ಹೇಗೆಂದರೆ, ರಜಸ್ವಲೆಯು ಮೂರು ದಿನ ಆಯಾಸಪಡದೆ ಇರಬೇಕೆಂದು ವೈದ್ಯಗ್ರಂಥಗಳಲ್ಲಿ ವಿಧಿಯುಂಟು. ಆಚಾರದಲ್ಲಿ ಆ ವಿಶ್ರಾಂತಿಯು ಬಹಿಷ್ಕಾರವಾಗಿ ಪರಿಣಮಿಸಿತು. ‘ಹೊರಗಾದವಳು’ ಜಗಲಿಯ ಮೂಲೆಯಲ್ಲೋ ಹಿತ್ತಿಲ ಕೊಟ್ಟಿಗೆಯಲ್ಲೋ ಕೂರಬೇಕು. ಬಾವಿಯ ಹಗ್ಗವನ್ನು ಮುಟ್ಟಕೂಡದು. ಕುಡಿಯುವ ನೀರಿಗೂ ಕೈಕಾಲು ತೊಳೆಯುವ ನೀರಿಗೂ ಇನ್ನೊಬ್ಬರು ಬಂದು ಎರೆಯುವವರೆಗೆ ಕಾಯಬೇಕು. ಭೇದಿಯು ಎರಡು ಮೂರು ಸಲ ಆಗುವ ದಿನದಲ್ಲಿಯೇ ನೀರಿಗಾಗಿ ಕೂಗಿ ಕೇಳಬೇಕಾಗಿ ಬಂದರೆ, ಕೇಳುವುದಕ್ಕಿಂತ ತಡೆದುಕೊಳ್ಳುವುದೇ ಲೇಸೆಂದು ಅವಳು ಎಣಿಸುವುದು ಸಹಜ. ಕುಡಿದರೆ ಎದ್ದುಹೋಗಬೇಕಾದೀತೆಂದು ನೀರನ್ನೂ ಕಡಿಮೆ ಮಾಡುವಳು. ಹೀಗೆ ಚರಕನು ತಡೆಯಬೇಡವೆಂದ ವೇಗಗಳಲ್ಲಿ ಮಲ, ಮೂತ್ರ, ನೀರಡಿಕೆ, ಕಣ್ಣೀರು, ಇಷ್ಟನ್ನೂ ಒಂದೇ ಮೂಲೆಯಲ್ಲಿ ಕುಳಿತು ತಡೆಯುವಂತಾಯಿತು. ಚರಕಸಂಹಿತೆಯ ಓಲೆಗರಿಗಳನ್ನು ಪೂಜಿಸುತ್ತಿದ್ದ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲ.

ಔಷಧವಿರಲಿಲ್ಲವೆಂದಲ್ಲ. ಓಮದ ಕಷಾಯ, ಜೀರಿಗೆಯ ನೀರು, ಮಜ್ಜಿಗೆಯಲ್ಲಿ ಇಂಗು, ಕಿಬ್ಬೊಟ್ಟೆಗೆ ಬಿಸಿನೀರಿನ ಶಾಖ, ಇವು ಅಜ್ಜಿಯರಿಂದ ಮೊಮ್ಮಕ್ಕಳಿಗೆ ಬಂದುವು. ಶಾಖವು ನೋವನ್ನು ಇಳಿಸುವುದೆಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಮೈಸೂರಿನಲ್ಲಿ 1908ರಲ್ಲಿ ಆಯುರ್ವೇದ ಕಾಲೇಜು ಸ್ಥಾಪಿತವಾಗಿ ಶಾಸ್ತ್ರದ ಪಾಠವು ಕ್ರಮಪಟ್ಟಿತು. ಆದರೆ ವೈದ್ಯನು ಗಂಡಸಾದ್ದರಿಂದ ರೋಗಿಯ ಮಾತು ಅತ್ತೆಯ ಬಾಯಿಂದಲೇ ಅವನಿಗೆ ಮುಟ್ಟಬೇಕಾಗಿದ್ದಿತು. ಮುಟ್ಟುವುದರೊಳಗೆ ಅದರಲ್ಲಿ ಅರ್ಧ ಸೋರಿಹೋಗುತ್ತಿದ್ದಿತು. ಸ್ತ್ರೀವೈದ್ಯರನ್ನು ಒದಗಿಸುವುದಕ್ಕಾಗಿ 1885ರಲ್ಲಿ ಡಫರಿನ್ ನಿಧಿಯು ಏರ್ಪಟ್ಟಿತು. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಬೆಂಗಳೂರಿನಲ್ಲಿ 1935ರಲ್ಲಿ ವಾಣಿವಿಲಾಸ ಆಸ್ಪತ್ರೆ, ಹಾಸನದಲ್ಲಿ ಮಿಷನ್ನಿನವರ ರೆಡ್‌ಫರ್ನ್ ಆಸ್ಪತ್ರೆ ಸ್ತ್ರೀಯರಿಗೆ ಬಾಗಿಲು ತೆರೆದುವು. ಹೆರಿಗೆಗಾದರೆ ಗಾಡಿ ಕಟ್ಟಿಸಿಯಾರು. ಮುಟ್ಟಿನ ಹೊಟ್ಟೆನೋವಿಗೆ ರಾಮನಾಥಪುರದಿಂದ ಹಾಸನಕ್ಕೆ ಗಾಡಿ ಕಟ್ಟಿಸುವವರು ಯಾರು?

ಪಾಶ್ಚಾತ್ಯ ವಿಜ್ಞಾನವು ಈ ರೋಗದ ಮೂಲವನ್ನು ಕಂಡುದು ಬಹಳ ತಡವಾಗಿ. ಸ್ವೀಡನ್ ದೇಶದ ಫಾನ್ ಆಯ್ಲರ್ ಎಂಬ ವಿದ್ವಾಂಸನು 1935ರ ಸುಮಾರಿನಲ್ಲಿ ಒಂದು ದ್ರವ್ಯಕ್ಕೆ ಪ್ರಾಸ್ಟಗ್ಲಾಂಡಿನ್ ಎಂದು ಹೆಸರಿಟ್ಟನು. ಮುಟ್ಟಿನ ಸ್ರಾವದಲ್ಲಿ ಸ್ನಾಯುಗಳನ್ನು ಸಂಕೋಚಗೊಳಿಸುವ ಪದಾರ್ಥವೊಂದುಂಟೆಂದು 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬಾತನು ತೋರಿಸಿದನು; ಅದು ಈ ಜಾತಿಯದೇ ಎಂದು ಮುಂದೆ ಗೊತ್ತಾಯಿತು. ಗರ್ಭಾಶಯದ ಒಳಪದರವು ಕಳಚುವಾಗ ಈ ದ್ರವ್ಯವು ಹುಟ್ಟಿ ಗರ್ಭಾಶಯವನ್ನು ಹಿಂಡುತ್ತದೆ. ನೆರೆಯಲ್ಲಿರುವ ಕರುಳನ್ನೂ ಹಿಂಡುತ್ತದೆ. ಆದ್ದರಿಂದಲೇ ನೋವೂ ಭೇದಿಯೂ ಒಟ್ಟಿಗೆ ಬರುವುದು. ಅದಕ್ಕೆ ಮುಂಚಿನ ದಿನಗಳಲ್ಲಿ ಪ್ರೊಜೆಸ್ಟರೋನ್ ಎಂಬ ರಸವು ಕರುಳಿನ ಚಲನೆಯನ್ನು ಮಂದಗೊಳಿಸುವುದರಿಂದ ಮಲಬದ್ಧವೂ ಉಬ್ಬರವೂ ಉಂಟಾಗುವುವೆಂದು ಹೇಳುತ್ತಾರೆ. ಆಸ್ಪಿರಿನ್ ಜಾತಿಯ ಔಷಧಗಳು ಪ್ರಾಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನೇ ತಡೆಯುವುವೆಂದು 1971ರಲ್ಲಿ ಜಾನ್ ವೇನ್ ಕಂಡುಹಿಡಿದನು. ಈ ವಿಷಯದ ಸಂಶೋಧನೆಗಾಗಿ 1982ರಲ್ಲಿ ಅವನಿಗೂ ಇನ್ನಿಬ್ಬರಿಗೂ ನೊಬೆಲ್ ಬಹುಮಾನವು ದೊರೆಯಿತು. ಮನೆಮನೆಯ ಹರಳೆಣ್ಣೆಯ ಗುಟ್ಟೂ 2012ರಲ್ಲಿ ಬಯಲಾಯಿತು: ಅದು ಕರುಳಿನಲ್ಲಿಯೂ ಗರ್ಭಾಶಯದಲ್ಲಿಯೂ ಇರುವ ಪ್ರಾಸ್ಟಗ್ಲಾಂಡಿನ್ನಿನ ಒಂದೇ ಗ್ರಾಹಕವನ್ನು ಪ್ರಚೋದಿಸಿ ಎರಡನ್ನೂ ಹಿಂಡುತ್ತದೆಂದು ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಹೊಟ್ಟೆ ಕಡಿಯುವ ದಿನ ಅದನ್ನು ಕುಡಿಯಿಸುವುದು ವಿವೇಕವಲ್ಲವೆಂದು ಇದರಿಂದ ತಿಳಿಯಬಹುದು.

ಸ್ರಾವವಾದ ಮೇಲೂ ಇಳಿಯದ, ವರ್ಷದಿಂದ ವರ್ಷಕ್ಕೆ ಏರುವ ನೋವು ಬೇರೊಂದುಂಟು. ಗರ್ಭಾಶಯದ ಒಳಪದರವನ್ನು ಹೋಲುವ ಅಂಶವು ಅಂಡಾಶಯದ ಮೇಲೆ, ಕರುಳಿನ ಮೇಲೆ, ಗುದದ ಹಿಂದುಮುಂದೆ ಬೆಳೆದು ಅಂಟಿಕೊಳ್ಳುವ ಈ ರೋಗಕ್ಕೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ ಇದುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮುಟ್ಟಿನ ರಕ್ತವು ಹಿಮ್ಮುಖವಾಗಿ ಹರಿದು ಇದು ಉಂಟಾಗುವುದೆಂದು ಅಮೆರಿಕದ ಸ್ಯಾಂಪ್ಸನ್ 1927ರಲ್ಲಿ ವಾದಿಸಿದನು. ಇದನ್ನು ಕೇಳಿದೊಡನೆ ಉದಾವರ್ತಿನಿಯೂ ಇದೇ ಎಂದು ಉತ್ಸಾಹಿಗಳು ಹೇಳುವುದುಂಟು. ಅದು ಸರಿಯಲ್ಲ. ಹಿಮ್ಮುಖವಾದ ಹರಿವು ಬಹುಪಾಲು ಸ್ತ್ರೀಯರಲ್ಲಿರುವುದರಿಂದ ಆ ವಾದವೇ ಪೂರ್ಣವಾಗಿ ನಿಂತಿಲ್ಲ. ಸ್ರಾವದೊಡನೆ ಸುಖವಾಗುವುದೆಂಬ ಚರಕನ ಲಕ್ಷಣವೂ ಇಲ್ಲಿ ಹೊಂದುವುದಿಲ್ಲ. ವೇಗಧಾರಣವೇ ಮುಟ್ಟಿನ ನೋವಿಗೆ ಮೂಲಕಾರಣವೆಂದು ಇಂದಿನ ವೈದ್ಯವು ಹೇಳುವುದೂ ಇಲ್ಲ. ಅದರಿಂದ ಮಲಬದ್ಧವಾಗಿ ನೋವು ಹೆಚ್ಚುವುದನ್ನು ಮಾತ್ರ ಒಪ್ಪುತ್ತದೆ. ಹಿರಿಯರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವುದಕ್ಕೆ ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಇಡಬೇಕಾದುದಿಲ್ಲ.

ಕಾಲವು ಬದಲಾಗಿದೆ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಿಂದ ಹಳ್ಳಿಯ ಎಷ್ಟೋ ಮನೆಗಳಲ್ಲಿ ಶೌಚಾಲಯಗಳಾದುವು. ಮುಟ್ಟಾದವರನ್ನು ಬಲಾತ್ಕಾರವಾಗಿ ಹೊರಗಿಡುವುದನ್ನು ಕರ್ಣಾಟಕದ 2017ರ ಮೌಢ್ಯಪ್ರತಿಬಂಧಕ ಶಾಸನವು ಅಪರಾಧವೆಂದಿತು. ಮುಟ್ಟಿನ ಕಾಲದಲ್ಲಿ ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೆ ಒಂದು ದಿನ ಸಂಬಳಸಹಿತವಾದ ರಜವನ್ನು ಕೊಡುವ ನೀತಿಗೆ ರಾಜ್ಯದ ಮಂತ್ರಿಮಂಡಲವು 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ರಾಮನಾಥಪುರವು ಈಗ ಹೊಗೆಸೊಪ್ಪಿನ ಹರಾಜುಕಟ್ಟೆಗೂ ಹೆಸರಾದ ಊರು. ಆ ಸುತ್ತಿನ ಹೊಲಗಳಲ್ಲಿ ದಿನಗೂಲಿಗೆ ಎಲೆ ಕಟ್ಟುವವಳಿಗೆ ಕೆಲಸ ಬಿಟ್ಟ ದಿನ ಕೂಲಿಯಿಲ್ಲ, ಹೊಲದಲ್ಲಿ ಮರೆಯಿಲ್ಲ. ಅವಳು ಇಂದಿಗೂ ತಡೆದುಕೊಳ್ಳುತ್ತಾಳೆ.

ಓದುಬರಹ ಬಲ್ಲ ಮನೆಗಳು ಮಾಡಬಹುದಾದುದು ಇಷ್ಟು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯ ಹೊತ್ತಿಗೆ ತೀವ್ರವಾದ ನೋವು, ಮಲದಲ್ಲಿ ರಕ್ತ, ಮಗಳು ತಿಂಗಳು ತಿಂಗಳೂ ಶಾಲೆಯನ್ನು ಬಿಡುವಂತಹ ಬಾಧೆ, ಇವುಗಳಲ್ಲಿ ಒಂದು ಕಂಡರೂ ಅದನ್ನು ಹೆಣ್ಣುಜನ್ಮದ ಪಾಡೆನ್ನದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಮಾತನ್ನು ಅವಳ ಬಾಯಿಂದಲೇ ಆಡಿಸಬೇಕು. ತಡೆಯಬಾರದ ವೇಗಗಳನ್ನು ಚರಕನು 13 ಎಂದು ಎಣಿಸಿದನು. ನೋವನ್ನು ಹೇಳಿಕೊಳ್ಳುವ ಮಾತನ್ನು 14ನೆಯದಾಗಿ ಸೇರಿಸಿಕೊಂಡರೆ ಶಾಸ್ತ್ರಕ್ಕೆ ಲೋಪವೇನೂ ಬಾರದು.