ರಾಷ್ಟ್ರಹಿತ ಮತ್ತು ಅಂತರರಾಷ್ಟ್ರೀಯ ಸಹಕಾರ: ಕೋಲಾರ ಚಿನ್ನದ ಗಣಿಗಳ ನಿದರ್ಶನ

1. ಪೀಠಿಕೆ

ಭದ್ರತೆ, ಆರ್ಥಿಕ ಪ್ರಗತಿ, ಜ್ಞಾನಾಭಿವೃದ್ಧಿ ಹಾಗೂ ಹೊರದೇಶಗಳಲ್ಲಿರುವ ತನ್ನ ಪ್ರಜೆಗಳ ರಕ್ಷಣೆ, ಇವು ಪ್ರತಿಯೊಂದು ರಾಷ್ಟ್ರದ ಮುಖ್ಯ ಹಿತಗಳು. ಇವುಗಳನ್ನು ಮಾತುಕತೆ ಮತ್ತು ಒಪ್ಪಂದಗಳ ಮೂಲಕ ಸಾಧಿಸುವ ಕಾರ್ಯವೇ ರಾಜತಾಂತ್ರಿಕತೆ. ಭಾರತ ಸಂವಿಧಾನದ 7ನೇ ಅನುಸೂಚಿಯಂತೆ ವಿದೇಶಾಂಗ ವ್ಯವಹಾರ, ಅಂತರರಾಷ್ಟ್ರೀಯ ಒಪ್ಪಂದ ಮತ್ತು ಪಾಸ್‌ಪೋರ್ಟ್ ವಿಷಯಗಳು ಕೇಂದ್ರ ಪಟ್ಟಿಗೆ ಸೇರಿವೆ. ಆದರೂ ಇವುಗಳ ಫಲವು ಜಿಲ್ಲೆ, ತಾಲ್ಲೂಕುಗಳ ಜನರನ್ನು ತಲುಪುತ್ತದೆ. ಊರಿಗಾಂ, ಚಾಂಪಿಯನ್ ರೀಫ್ ಮತ್ತು ಮಾರಿಕುಪ್ಪಂಗಳನ್ನು ಒಳಗೊಂಡ ಕೋಲಾರ ಚಿನ್ನದ ಗಣಿ ಪ್ರದೇಶವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

2. ಪರಸ್ಪರ ಲಾಭದ ಒಪ್ಪಂದ: ಶಿವನಸಮುದ್ರದ ವಿದ್ಯುತ್

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ದೊರೆತಾಗ ವಿದೇಶ ವ್ಯವಹಾರಗಳ ಅಧಿಕಾರವು ಬ್ರಿಟಿಷರಲ್ಲಿಯೇ ಉಳಿಯಿತು. ಗಣಿಗಳು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿದ್ದವು. ರಾಜತಾಂತ್ರಿಕ ಸ್ವಾತಂತ್ರ್ಯವಿಲ್ಲದಿದ್ದರೂ ಸಂಸ್ಥಾನವು ವಾಣಿಜ್ಯ ಕರಾರುಗಳ ಮೂಲಕ ತನ್ನ ಹಿತವನ್ನು ಸಾಧಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಅವಧಿಯಲ್ಲಿ ರೂಪುಗೊಂಡ ಯೋಜನೆಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು ವಿದ್ಯುತ್ ಉಪಕರಣಗಳನ್ನೂ ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಯು ಟರ್ಬೈನುಗಳನ್ನೂ ಪೂರೈಸಿದವು. 1902ರಲ್ಲಿ ಕಾವೇರಿಯ ಜಲವಿದ್ಯುತ್ ಸುಮಾರು 147 ಕಿ.ಮೀ. ದೂರದ ಗಣಿಗಳನ್ನು ತಲುಪಿತು. ಗಣಿಗಳಿಗೆ ಶಕ್ತಿಯ ಮೂಲ ದೊರೆಯಿತು. ಸಂಸ್ಥಾನಕ್ಕೆ ಆದಾಯವೂ ಸ್ಥಿರವಾದ ವಿದ್ಯುತ್ ವ್ಯವಸ್ಥೆಯೂ ದೊರೆತವು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂದಿತು.

3. ವೈಜ್ಞಾನಿಕ ಸಹಕಾರ: ನ್ಯೂಟ್ರಿನೋ ಸಂಶೋಧನೆ

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಸ್ವಾಧೀನಕ್ಕೂ 1962ರಲ್ಲಿ ಕೇಂದ್ರ ಸರ್ಕಾರದ ಆಡಳಿತಕ್ಕೂ ಬಂದವು. 1960ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳು ಜಂಟಿಯಾಗಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಪ್ರಯೋಗ ನಡೆಸಿದವು. ಮೇಲಿನ ಬಂಡೆಯು ಇತರ ಕಾಸ್ಮಿಕ್ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತಿದ್ದುದರಿಂದ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಕುರುಹು ಇಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿಯೂ ಮತ್ತೊಂದು ತಂಡವು ಇದೇ ಫಲವನ್ನು ಪಡೆಯಿತು.

ವಿದೇಶಿ ತಂಡಗಳು ಉಪಕರಣ ಮತ್ತು ಪರಿಣತಿಯನ್ನು ತಂದವು. ಭಾರತವು ವಿಜ್ಞಾನಿಗಳನ್ನೂ ಗಣಿಯ ಆಳವನ್ನೂ ಆ ಆಳವನ್ನು ಸುಸ್ಥಿತಿಯಲ್ಲಿಟ್ಟ ಕಾರ್ಮಿಕರ ಶ್ರಮವನ್ನೂ ಒದಗಿಸಿತು. 1980ರ ದಶಕದಲ್ಲಿ ಜಪಾನಿನೊಡನೆ ಪ್ರೋಟಾನ್ ಕ್ಷಯದ ಪ್ರಯೋಗವೂ ಇಲ್ಲಿ ನಡೆಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಗಣಿಗಳನ್ನು ಮುಚ್ಚಿತು. ಸಾವಿರಾರು ಕುಟುಂಬಗಳ ಜೀವನಾಧಾರದೊಂದಿಗೆ, ಜಗತ್ತಿನ ಮುಂದಿಡಬಹುದಾಗಿದ್ದ ಈ ಅಪೂರ್ವ ಸೌಲಭ್ಯವೂ ಕೈತಪ್ಪಿತು. ಜಪಾನ್ ತನ್ನ ಕಾಮಿಯೋಕಾ ಗಣಿಯಲ್ಲಿ ಸಂಶೋಧನೆಯನ್ನು ಮುಂದುವರಿಸಿ, 2002 ಮತ್ತು 2015ರ ಭೌತವಿಜ್ಞಾನ ನೊಬೆಲ್ ಪುರಸ್ಕಾರಗಳಲ್ಲಿ ಪಾಲು ಪಡೆಯಿತು. ಸ್ವದೇಶದ ಸಾಮರ್ಥ್ಯವನ್ನು ಉಳಿಸಿಕೊಂಡಾಗ ಮಾತ್ರ ಅಂತರರಾಷ್ಟ್ರೀಯ ಸಹಕಾರವು ಬಾಳುತ್ತದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

4. ನಾಗರಿಕರಿಗೆ ದೊರೆಯುವ ಪ್ರಯೋಜನ

ಅಂತರರಾಷ್ಟ್ರೀಯ ಒಪ್ಪಂದಗಳು ನಾಗರಿಕರ ದಿನನಿತ್ಯದ ಅಗತ್ಯಗಳಿಗೂ ನೆರವಾಗುತ್ತವೆ.

ಅ) ಪಾಸ್‌ಪೋರ್ಟ್: 1967ರ ಪಾಸ್‌ಪೋರ್ಟ್ ಅಧಿನಿಯಮದನ್ವಯ ನೀಡಲಾಗುತ್ತದೆ. ಪಾಸ್‌ಪೋರ್ಟ್‌ದಾರರಿಗೆ ಅಡೆತಡೆಯಿಲ್ಲದ ಸಂಚಾರ ಹಾಗೂ ಅಗತ್ಯ ರಕ್ಷಣೆಯನ್ನು ಒದಗಿಸುವಂತೆ ರಾಷ್ಟ್ರಪತಿಯವರ ಹೆಸರಿನಲ್ಲಿ ಕೋರುವ ಪತ್ರವಿದು.

ಆ) ದೂತಾವಾಸದ ನೆರವು: 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದಂತೆ, ವಿದೇಶದಲ್ಲಿ ಬಂಧನಕ್ಕೊಳಗಾದ ವ್ಯಕ್ತಿಯು ತನ್ನ ದೇಶದ ದೂತಾವಾಸಕ್ಕೆ ವಿಷಯ ತಿಳಿಸುವಂತೆ ಕೋರಬಹುದು.

ಇ) ಅಪೊಸ್ಟಿಲ್: 1961ರ ಹೇಗ್ ಒಪ್ಪಂದವು ಭಾರತದ ಮಟ್ಟಿಗೆ 2005ರಲ್ಲಿ ಜಾರಿಗೆ ಬಂದಿತು. ಒಪ್ಪಂದವು ಭಾರತದೊಂದಿಗೆ ಜಾರಿಯಲ್ಲಿರುವ ದೇಶಗಳಲ್ಲಿ ಜನನ, ವಿವಾಹ ಮತ್ತು ಶೈಕ್ಷಣಿಕ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ ಸಾಕು. ಆ ದೇಶದ ದೂತಾವಾಸದ ಪ್ರತ್ಯೇಕ ದೃಢೀಕರಣ ಬೇಕಾಗಿಲ್ಲ.

5. ಅರ್ಜಿದಾರರ ಗಮನಕ್ಕೆ

ಹೊರದೇಶಕ್ಕೆ ತೆರಳಲಿಚ್ಛಿಸುವವರು ತಮ್ಮ ಹೆಸರು, ಜನ್ಮ ದಿನಾಂಕ ಮತ್ತು ತಂದೆ ತಾಯಿಯ ಹೆಸರು ಎಲ್ಲ ದಾಖಲೆಗಳಲ್ಲಿಯೂ ಏಕರೂಪವಾಗಿರುವುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಗಮ್ಯ ದೇಶಕ್ಕೆ ಅಪೊಸ್ಟಿಲ್ ಅನ್ವಯಿಸುವುದೇ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಸೂಕ್ತ. ಹೊರದೇಶದಲ್ಲಿರುವಾಗ ಸಮೀಪದ ಭಾರತೀಯ ದೂತಾವಾಸದ ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ತಮ್ಮೊಡನೆ ಇಟ್ಟುಕೊಂಡು, ಅವುಗಳ ಪ್ರತಿಯೊಂದನ್ನು ಮನೆಯವರಿಗೂ ನೀಡಿರಬೇಕು.